ನೋಟ್‌ಬುಕ್ಕಿನ ಬಲಗಡೆಯ ಸಾಲು

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯ ಒಂದು ಮನೆ. ಹೊರಗೆ ಆರಿದ್ರಾ ಮಳೆ ಬಿಡದೆ ಹೊಡೆಯುತ್ತಿತ್ತು. ಜಗುಲಿಯ ಮೇಲೆ ಇನ್ನೂರು ಪುಟದ ಒಂದು ನೋಟ್‌ಬುಕ್ ಬಿಚ್ಚಿ ಇಟ್ಟಿದ್ದರು, ಹಾಳೆಗಳ ಥಂಡಿ ಆರಲಿ ಅಂತ. ಆ ಮನೆಯ ಹುಡುಗಿ ಮಧ್ಯ ಅಮೆರಿಕದ ಗ್ವಾಟೆಮಾಲ ದೇಶದ ಆಂಟಿಗ್ವಾ ಊರಿನಲ್ಲಿ ಎಂಟು ವಾರ ಇದ್ದು, ಬೆಳಗ್ಗೆ ಸ್ಪ್ಯಾನಿಷ್ ಕಲಿತು, ಮಧ್ಯಾಹ್ನ ಸ್ವಯಂಸೇವೆ ಮಾಡಿ ಬಂದವಳು. ಪ್ರತಿ ಪುಟದ ನಡುವೆ ಒಂದು ಉದ್ದ ಗೆರೆ. ಎಡಗಡೆ ಸ್ಪ್ಯಾನಿಷ್, ಬಲಗಡೆ ಇಂಗ್ಲಿಷ್. ನೂರು ಪುಟ ತಿರುವಿದರೂ ಒಂದು ಕನ್ನಡ ಅಕ್ಷರ ಸಿಗಲಿಲ್ಲ. ಒಂದು ಪುಟದಲ್ಲಿ ಎಡಗಡೆ 'ಮೆ ಗುಸ್ತಾ ಎಲ್ ಕಫೆ' ಅಂತ ಇತ್ತು. ಬಲಗಡೆ 'ಐ ಲೈಕ್ ಕಾಫಿ', ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ 'ಕಾಫಿ ಈಸ್ ಪ್ಲೀಸಿಂಗ್ ಟು ಮಿ', ಪಕ್ಕದಲ್ಲಿ ಮೂರು ಆಶ್ಚರ್ಯಸೂಚಕ ಚಿಹ್ನೆ. ಅದರ ಕೆಳಗೆ ಪಾಠ ಹೇಳಿದವರು ಕೆಂಪು ಶಾಯಿಯಲ್ಲಿ ಏಳು ಕಡೆ ತಿದ್ದಿದ್ದರು. ಏಳೂ ಕಡೆ ಒಂದೇ ತಪ್ಪು: 'ಮೆ' ಅಂದರೆ 'ನನಗೆ' ಅನ್ನಬೇಕಾದ ಜಾಗದಲ್ಲಿ 'ಯೊ', ಅಂದರೆ 'ನಾನು'.

ಆ ಪುಟ ಮನಸ್ಸಿನಿಂದ ಹೋಗುತ್ತಿಲ್ಲ. ಹುಟ್ಟಿದಾಗಿನಿಂದ 'ನಂಗೆ ಕಾಫಿ ಇಷ್ಟ, ನಂಗೆ ಸಾಕು, ನಂಗೆ ತಲೆನೋವು' ಅನ್ನುತ್ತ ಬೆಳೆದವರಿಗೆ 'ಮೆ ಗುಸ್ತಾ' ಯಾಕೆ ಆಶ್ಚರ್ಯ ಆಗಬೇಕು? ಇಂಗ್ಲಿಷಿನವರಿಗೆ ಆಗುತ್ತದೆ, ಅವರ ಭಾಷೆಯಲ್ಲಿ ಇಷ್ಟಪಡುವುದು 'ನಾನು' ಮಾಡುವ ಕೆಲಸ. ನಮ್ಮಲ್ಲಿ ಹಾಗಲ್ಲ, ಇಷ್ಟ ಆಗುವುದು ನಮಗೆ. ಸ್ಪ್ಯಾನಿಷ್‌ನಲ್ಲೂ ಹಾಗೇ. ಆದರೆ ಶಿವಮೊಗ್ಗದಿಂದ ಹೊರಟ ವಿದ್ಯಾರ್ಥಿಯ ಕೈಯಲ್ಲಿರುವ ಆ್ಯಪ್, ಪುಸ್ತಕ, ವಿಡಿಯೋ ಎಲ್ಲವೂ ಇಂಗ್ಲಿಷ್ ತಿಳಿದವರಿಗಾಗಿ ಮಾಡಿದ್ದು. ಇಂಗ್ಲಿಷಿನವರಿಗೆ ಕಷ್ಟವಾದದ್ದನ್ನು ನಾವೂ ಕಷ್ಟ ಅಂತಲೇ ಕಲಿಯುತ್ತೇವೆ. ನಮಗೆ ನಿಜವಾಗಿ ಕಷ್ಟವಾಗುವುದನ್ನು ಯಾರೂ ಹೇಳಿಕೊಡುವುದಿಲ್ಲ.

ಮನೆಮಾತಿನ ವ್ಯಾಕರಣ

ಗ್ಲಾಸು ಕೈಜಾರಿ ಒಡೆಯಿತು ಅಂದುಕೊಳ್ಳಿ. ಯಾವ ಮನೆಯಲ್ಲೂ 'ನಾನು ಗ್ಲಾಸು ಬೀಳಿಸಿದೆ' ಅಂತ ಮೊದಲ ಮಾತು ಬರುವುದಿಲ್ಲ, 'ಬಿದ್ದುಹೋಯ್ತು' ಅಂತಲೇ ಬರುತ್ತದೆ. ಸ್ಪ್ಯಾನಿಷ್‌ನವರೂ 'ಸೆ ಮೆ ಕಯೋ' ಅನ್ನುತ್ತಾರೆ, ತಾನಾಗಿ ಬಿತ್ತು, ನನ್ನ ಕೈಯಿಂದ. 'ನಂಗೆ ಮರೆತುಹೋಯ್ತು' ಅನ್ನುವುದಕ್ಕೆ 'ಸೆ ಮೆ ಓಲ್ಬಿದೋ'. ಇಂಗ್ಲಿಷ್ ದಾರಿಯಲ್ಲಿ ಹೋದವರಿಗೆ ಇದು ಪುಸ್ತಕದ ಕೊನೆಯ ಪಾಠ. ನಮ್ಮವರಿಗೆ ಮೊದಲ ವಾರದಲ್ಲೇ ಹೇಳಿಕೊಡಬಹುದು.

ಕ್ರಿಯಾಪದಕ್ಕೆ 'ಸಬ್‌ಜಂಕ್ಟಿವ್' ಅಂತ ಒಂದು ರೂಪ ಇದೆ, ಆ ಹೆಸರು ಕೇಳಿಯೇ ಎಷ್ಟೋ ಜನ ಭಾಷೆ ಬಿಟ್ಟುಬಿಡುತ್ತಾರೆ. ಅದರಲ್ಲಿ ದಿನಕ್ಕೆ ಬೇಕಾಗುವ ಭಾಗ ನಮ್ಮ 'ಬರಲಿ, ಹೋಗಲಿ, ಆಗಲಿ'. 'ಅವನು ಬರಲಿ ಅಂತ ನನಗಾಸೆ' ಅನ್ನುವುದು 'ಕಿಯೆರೊ ಕೆ ಬೆಂಗ'. ಆಸೆ ನನ್ನದು, ಬರುವವನು ಬೇರೆಯವನು, ಆದ್ದರಿಂದ 'ಬರುತ್ತಾನೆ' ಅಲ್ಲ, 'ಬರಲಿ'. ಗ್ವಾಟೆಮಾಲದಲ್ಲಿ ಅಂಗಡಿಯಿಂದ ಹೊರಡುವಾಗ 'ಕೆ ಲೆ ಬಾಯ ಬಿಯೆನ್' ಅನ್ನುತ್ತಾರೆ, 'ನಿಮಗೆ ಒಳ್ಳೇದಾಗಲಿ' ಅಂತ. ಮಳೆ ಬರಲಿ ಅನ್ನಲು 'ಓಹಲಾ ಕೆ ಯುಏಬ'. ಅನುಮಾನ, ಸಂತೋಷ, ಬೇಸರ ಹೇಳುವಾಗಲೂ ಅವರು ಇದೇ ರೂಪ ಬಳಸುತ್ತಾರೆ, ಅಲ್ಲಿ 'ಅಲಿ' ನಮ್ಮನ್ನು ಕಾಪಾಡುವುದಿಲ್ಲ. ಆದರೆ ಕೇಳುವುದು, ಬಯಸುವುದು, ಹಾರೈಸುವುದು ಇದರಲ್ಲಿ ಮುಗಿದುಹೋಗುತ್ತದೆ.

ಭೂತಕಾಲದಲ್ಲಿ ಎರಡು ರೂಪ ಅಂತ ಹೆದರಿಸುತ್ತಾರೆ. 'ಹೋದೆ' ಅಂದರೆ 'ಫುಯಿ', 'ಹೋಗ್ತಿದ್ದೆ' ಅಂದರೆ 'ಈಬ', ಅಷ್ಟೇ. ಇನ್ನೂ ಚೆಂದದ್ದು 'ಸಾಬೇರ್' ಕ್ರಿಯಾಪದ: 'ನಂಗೆ ಗೊತ್ತಿತ್ತು' ಅಂದರೆ 'ಸಬೀಅ', 'ನಂಗೆ ಗೊತ್ತಾಯ್ತು' ಅಂದರೆ 'ಸೂಪೆ'. ಇಂಗ್ಲಿಷಿಗೆ ಈ ಎರಡಕ್ಕೆ ಬೇರೆ ಬೇರೆ ಕ್ರಿಯಾಪದ ಹುಡುಕಬೇಕಾಗುತ್ತದೆ. 'ಇತ್ತು' ಅನ್ನುವುದನ್ನು ಮಾತ್ರ ಯಾವಾಗಲೂ ಎರಡನೇ ಗುಂಪಿಗೆ, ಅಂದರೆ 'ಹೋಗ್ತಿದ್ದೆ' ಗುಂಪಿಗೆ ಸೇರಿಸಿಕೊಂಡರೆ ನೂರಕ್ಕೆ ತೊಂಬತ್ತು ಸಲ ಸರಿಹೋಗುತ್ತದೆ.

ಇಂಗ್ಲಿಷಿನ 'ಈಸ್' ಒಂದಕ್ಕೆ ಅವರಲ್ಲಿ ಎರಡು ಕ್ರಿಯಾಪದ, 'ಸೇರ್' ಮತ್ತು 'ಎಸ್ತಾರ್'. ಆ ಜಗಳಕ್ಕೂ ಒಂದು ಸುಲಭದ ಕೀಲಿ ನಮ್ಮಲ್ಲಿದೆ. 'ಅವಳು ಡಾಕ್ಟರ್' ಅನ್ನುವಾಗ ನಾವು ಕ್ರಿಯಾಪದವನ್ನೇ ಹಾಕುವುದಿಲ್ಲ. ಹಾಗೆ ಬಿಟ್ಟ ಜಾಗದಲ್ಲಿ 'ಸೇರ್'. 'ಅವಳು ಮನೇಲಿದ್ದಾಳೆ, ಕಾಫಿ ಬಿಸಿಯಾಗಿದೆ' ಅಂತ 'ಇದೆ, ಇದ್ದಾಳೆ' ಬಂದ ಜಾಗದಲ್ಲಿ 'ಎಸ್ತಾರ್'. ಇದು ಕೆಲಸ ಮಾಡಬೇಕಾದರೆ ಕನ್ನಡ ಬಾಯಿಮಾತಿನದ್ದಾಗಿರಬೇಕು. 'ಅವಳು ಡಾಕ್ಟರ್ ಆಗಿದ್ದಾಳೆ' ಅನ್ನುವ ಅನುವಾದದ ಕನ್ನಡ ಹಿಡಿದು ಹೋದರೆ ಕೀಲಿ ತಿರುಗುವುದಿಲ್ಲ. 'ಅವಳು ಉದ್ದ ಇದ್ದಾಳೆ' ಅನ್ನುವ ಕಡೆಯೂ ತಪ್ಪುತ್ತದೆ, ಎತ್ತರ ಮಾರನೇ ದಿನ ಬದಲಾಗುವ ಸ್ಥಿತಿಯಲ್ಲವಲ್ಲ, ಅಲ್ಲಿ ಅವರು 'ಸೇರ್' ಹಾಕುತ್ತಾರೆ.

ಇನ್ನೊಂದು, ನನಗೆ ತೀರಾ ಅಚ್ಚುಮೆಚ್ಚಿನದು. ನಾವು 'ಪುಸ್ತಕ ಓದಿದೆ' ಅನ್ನುತ್ತೇವೆ, 'ಪುಸ್ತಕವನ್ನು' ಅಂತ ಎಳೆಯಬೇಕಿಲ್ಲ. ಆದರೆ 'ಅಮ್ಮ ಹುಡುಕಿದೆ' ಅನ್ನಲಾಗದು, 'ಅಮ್ಮನ್ನ ಹುಡುಕಿದೆ' ಅನ್ನಲೇಬೇಕು. ವಸ್ತುವಾದರೆ ವಿಭಕ್ತಿ ಬಿಡಬಹುದು, ಮನುಷ್ಯರಾದರೆ ಬಿಡುವಂತಿಲ್ಲ. ಸ್ಪ್ಯಾನಿಷ್‌ನವರು ಹುಡುಕುವ ವಸ್ತುವಿನ ಹಿಂದೆ ಏನೂ ಹಾಕುವುದಿಲ್ಲ, ಹುಡುಕುವ ಮನುಷ್ಯರ ಹಿಂದೆ ಒಂದು 'ಆ' ಹಾಕುತ್ತಾರೆ: 'ಬುಸ್ಕೊ ಆ ಮಿ ಮಮಾ'. ಇಂಗ್ಲಿಷ್ ಪುಸ್ತಕಗಳು ಇದಕ್ಕೆ ಒಂದು ಪ್ರತ್ಯೇಕ ಅಧ್ಯಾಯವನ್ನೇ ಇಡುತ್ತವೆ.

ಕನ್ನಡ ಕೈಕೊಡುವ ಜಾಗ

ಹಾಗಂತ ಎಲ್ಲವೂ ನಮ್ಮದೇ ಅಂತ ಹೊರಟರೆ ಬೀಳುತ್ತೇವೆ. 'ನಂಗೆ ಹಸಿವು' ಅನ್ನಲು 'ಮೆ' ಕೆಲಸ ಮಾಡುವುದಿಲ್ಲ, ಅವರು ಹಸಿವನ್ನು ಇಟ್ಟುಕೊಳ್ಳುತ್ತಾರೆ: 'ತೆಂಗೊ ಆಂಬ್ರೆ'. ಬಾಯಾರಿಕೆ, ನಿದ್ದೆ, ಚಳಿ, ಸೆಕೆ, ಹೆದರಿಕೆ, ಅವಸರ, ವಯಸ್ಸು ಈ ಏಳನ್ನೂ ಹಸಿವಿನ ಜೊತೆ ಸೇರಿಸಿ 'ತೆಂಗೊ' ಗುಂಪು ಅಂತ ಬಾಯಿಪಾಠ ಮಾಡಬೇಕು. 'ನಂಗೆ ಇಬ್ಬರು ತಂಗಿಯರು' ಅನ್ನುವುದೂ ಅದೇ ಗುಂಪು. 'ನಂಗೆ ಸ್ಪ್ಯಾನಿಷ್ ಬರುತ್ತೆ' ಅನ್ನುವ ನಮ್ಮ 'ಬರುತ್ತೆ' ಅಲ್ಲಿ ಬರುವುದಿಲ್ಲ, 'ಆಬ್ಲೊ' ಅಂದರೆ ಮಾತಾಡುತ್ತೇನೆ ಅನ್ನಬೇಕು.

ಊಟಕ್ಕೆ ಕರೆದಾಗ ಒಳಗಿನ ಕೋಣೆಯಿಂದ ನಮ್ಮ ಬಾಯಲ್ಲಿ ಬರುವುದು 'ಬಂದೆ!'. ಅದನ್ನೇ ತಿರುಗಿಸಿ 'ಬೆಂಗೊ' ಅಂದರೆ ಅಲ್ಲಿಯವರಿಗೆ ಗೊಂದಲ. ಸ್ಪ್ಯಾನಿಷ್‌ನಲ್ಲಿ ಬರುವುದು ಅಂದರೆ ಮಾತಾಡುವವರು ಇರುವ ಕಡೆಗೆ ಮಾತ್ರ. ತಾನು ಎದುರಿನವರ ಕಡೆಗೆ ಹೊರಟರೆ ಅದು ಹೋಗುವುದು: 'ಯಾ ಬೊಯ್', ಹೋದೆ. ಈ ತಪ್ಪು ಎರಡು ತಿಂಗಳಾದರೂ ಬಿಡುವುದಿಲ್ಲ. ಯಾರೂ ತಿದ್ದುವುದೂ ಇಲ್ಲ, ಊಟಕ್ಕೆ ಬಂದಿರಲ್ಲ, ಸಾಕು ಅಂತ.

ಎಲ್ಲಕ್ಕಿಂತ ದೊಡ್ಡ ಕಷ್ಟ ಲಿಂಗ. ನಮಗೆ ಮೇಜು, ಮರ, ಮಳೆ ಎಲ್ಲ 'ಅದು'. ಅವರಿಗೆ ಮೇಜು ಹೆಣ್ಣು, ಮರ ಗಂಡು, ಮಳೆ ಹೆಣ್ಣು. ಶಬ್ದವನ್ನು ಒಂಟಿಯಾಗಿ ಬರೆದುಕೊಳ್ಳಲೇಬಾರದು. 'ಮೇಸ' ಅಲ್ಲ 'ಲಾಮೇಸ', 'ಆರ್ಬೊಲ್' ಅಲ್ಲ 'ಎಲಾರ್ಬೊಲ್', ಒಂದೇ ಶಬ್ದ ಅನ್ನುವ ಹಾಗೆ ಅಂಟಿಸಿ ಕಲಿಯಬೇಕು. 'ಅ'ದಿಂದ ಮುಗಿದರೆ ಹೆಣ್ಣು ಅಂತ ಹೇಳಿಕೊಟ್ಟಿರುತ್ತಾರೆ. ಆದರೆ ದಿನ, ನಕ್ಷೆ, ಸಮಸ್ಯೆ (ದೀಅ, ಮಾಪ, ಪ್ರೊಬ್ಲೇಮ) ಮೂರೂ 'ಅ'ದಿಂದ ಮುಗಿದೂ ಗಂಡು. ಕೈ, ಫೋಟೋ, ಮೋಟಾರ್ ಬೈಕು (ಮಾನೊ, ಫೋತೊ, ಮೋತೊ) 'ಒ'ದಿಂದ ಮುಗಿದೂ ಹೆಣ್ಣು. ದಿನಾ ಬೇಕಾಗುವ ಶಬ್ದಗಳಲ್ಲಿ ಕಾಲು ಕೀಳಿಸುವುದು ಇವೇ ಆರು.

ಅಕ್ಷರ

ಸ್ಪ್ಯಾನಿಷ್ ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ರೋಮನ್ ಅಕ್ಷರ ಕಂಡ ತಕ್ಷಣ ನಮ್ಮ ನಾಲಿಗೆ ಇಂಗ್ಲಿಷ್ ಕ್ಲಾಸಿಗೆ ಹೋಗಿ 'ಟಾಕೋ' ಅನ್ನುತ್ತದೆ. ಅವರದು ಹಲ್ಲಿಗೆ ತಾಗುವ ತ, ದ: 'ತಾಕೊ'. ಅವರ ಪ, ತ, ಕ ನಮ್ಮ ಹಾಗೇ ಉಸಿರಿಲ್ಲದವು, ಇಂಗ್ಲಿಷಿನವರು ವರ್ಷಗಟ್ಟಲೆ ಅಭ್ಯಾಸ ಮಾಡಿದರೂ ಕಷ್ಟಪಡುವುದು ಇಲ್ಲೇ. ಸ್ವರ ಐದೇ ಐದು, ಅ ಎ ಇ ಒ ಉ, ಎಲ್ಲಿದ್ದರೂ ಒಂದೇ ದನಿ. ಬರವಣಿಗೆಯಲ್ಲಿ 'ವಿ' ಕಂಡರೂ ಬಾಯಲ್ಲಿ ಬ, 'ಜೆ' ಕಂಡರೆ ಹ, 'ಎಚ್' ಕಂಡರೆ ಏನೂ ಇಲ್ಲ, ಜೋಡಿ 'ಎಲ್' ಕಂಡರೆ ಯ. ವರ್ಣಮಾಲೆಯಲ್ಲಿ ಸುಮ್ಮನೆ ಕೂತಿರುವ ನಮ್ಮ ಞಕಾರಕ್ಕೆ ಇಲ್ಲಿ ದಿನವೂ ಕೆಲಸ: ನಾಳೆ ಅನ್ನಲು 'ಮಞಾನ'. ನಾಲಿಗೆ ನಡುಗಿಸಿ ಹೇಳುವ ಜೋಡಿ ರಕಾರಕ್ಕೆ ಹಳಗನ್ನಡದ ಶಕಟರೇಫವನ್ನೇ ತೆಗೆದುಕೊಳ್ಳಬಹುದು. 'ಪೆರೊ' ಅಂದರೆ 'ಆದರೆ', 'ಪೆಱೊ' ಅಂದರೆ ನಾಯಿ.

ಒತ್ತು ಮಾತ್ರ ಜೋಪಾನ. ನಮ್ಮ ಮಾತಿನಲ್ಲಿ ಒತ್ತು ಎಲ್ಲಿ ಬಿದ್ದರೂ ಅರ್ಥ ಕೆಡುವುದಿಲ್ಲ. ಅಲ್ಲಿ ಮೊದಲಿಗೆ ಒತ್ತಿದ 'ಪಾಪ' ಆಲೂಗಡ್ಡೆ, ಕೊನೆಗೆ ಒತ್ತಿದ 'ಪಪಾ' ಅಪ್ಪ. 'ಆಬ್ಲೊ' ನಾನು ಮಾತಾಡುತ್ತೇನೆ, 'ಅಬ್ಲೋ' ಅವನು ಮಾತಾಡಿದ. ಒತ್ತು ಬೀಳುವ ಅಕ್ಷರವನ್ನು ದೀರ್ಘವಾಗಿ ಬರೆದುಕೊಂಡರೆ ನಮ್ಮ ಕಿವಿಗೆ ಹಿಡಿಯುತ್ತದೆ.

ಹೊರಡುವ ಮೊದಲು

ಊರಲ್ಲಿರುವಾಗಲೇ ಎಂಟು ವಾರ, ವಾರಕ್ಕೆ ಆರು ದಿನ, ದಿನಕ್ಕೆ ಮುಕ್ಕಾಲು ಗಂಟೆ ಕೊಟ್ಟರೆ ಅಲ್ಲಿಯ ಮೊದಲ ಎರಡು ವಾರ ಉಳಿಯುತ್ತದೆ. ಗಟ್ಟಿ ಕಾಗದದ ಚೀಟಿಯ ಒಂದು ಮುಖದಲ್ಲಿ ಮನೆಯಲ್ಲಿ ಆಡುವ ಹಾಗೇ ಒಂದು ಕನ್ನಡ ವಾಕ್ಯ, ಇನ್ನೊಂದು ಮುಖದಲ್ಲಿ ಸ್ಪ್ಯಾನಿಷ್. ದಿನಕ್ಕೆ ಹತ್ತು ಚೀಟಿ ಅಂದರೆ 480 ವಾಕ್ಯ. ಬಿಡಿ ಶಬ್ದ ಬೇಡ, ವಾಕ್ಯವೇ ಬೇಕು. ಕ್ರಿಯಾಪದ ಹನ್ನೆರಡು ಸಾಕು: ಸೇರ್, ಎಸ್ತಾರ್ (ಎರಡೂ ಇರುವುದು), ತೆನೇರ್ (ಇಟ್ಟುಕೊಳ್ಳುವುದು), ಈರ್ (ಹೋಗುವುದು), ಬೆನೀರ್ (ಬರುವುದು), ಆಸೇರ್ (ಮಾಡುವುದು), ಕೆರೇರ್ (ಬಯಸುವುದು), ಪೊದೇರ್ (ಸಾಧ್ಯವಾಗುವುದು), ಸಾಬೇರ್ (ಗೊತ್ತಿರುವುದು), ದೆಸೀರ್ (ಹೇಳುವುದು), ದಾರ್ (ಕೊಡುವುದು), ಪೊನೇರ್ (ಇಡುವುದು). ನಾನು, ನೀನು, ಅವನು ಅಂತ ಒಂದೊಂದು ಕ್ರಿಯಾಪದಕ್ಕೂ ಪುಸ್ತಕ ಆರು ರೂಪ ಕೊಡುತ್ತದೆ. 'ನೀವೆಲ್ಲ' ಅನ್ನುವ 'ಬೊಸೋತ್ರೊಸ್' ಸ್ಪೇನಿನದ್ದು, ಲ್ಯಾಟಿನ್ ಅಮೆರಿಕದಲ್ಲಿ ಬೇಡ. 'ನೀವು' ಅನ್ನುವ 'ಉಸ್ತೇದ್' ಮತ್ತು 'ಅವನು' ಇಬ್ಬರಿಗೂ ಒಂದೇ ರೂಪ. ಗ್ವಾಟೆಮಾಲದಲ್ಲಿ ಗೆಳೆಯರ ನಡುವೆ 'ನೀನು' ಅನ್ನಲು 'ಬೋಸ್' ಬಳಕೆ ಜಾಸ್ತಿ, ಅದರ ರೂಪ ಬೇರೆ: 'ಬೋಸ್ ತೆನೇಸ್'. ಅದನ್ನು ಅಲ್ಲಿ ಕೇಳಿ ಕಲಿತರೆ ಸಾಕು. ನಮ್ಮಲ್ಲಿ ಗುರುತಿಲ್ಲದವರಿಗೆ 'ನೀವು' ಅನ್ನುವ ಹಾಗೆ ಎಲ್ಲರಿಗೂ 'ಉಸ್ತೇದ್' ಅಂದರೆ ಯಾರಿಗೂ ನೋವಾಗುವುದಿಲ್ಲ.

ಉಳಿದ ತಯಾರಿ ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದಲ್ಲಿ ವಿಮಾನ ಬದಲಿಸಿದರೂ ನಮಗೆ ಆ ದೇಶದ ವೀಸಾ ಬೇಕು, ಟಿಕೆಟ್ ಕೊಳ್ಳುವ ಮೊದಲೇ ನೋಡಿಕೊಳ್ಳಿ. ಮಕ್ಕಳ ಜೊತೆ ಕೆಲಸವಾದರೆ ಪಾಸ್‌ಪೋರ್ಟ್ ಕಚೇರಿಯ ಪೊಲೀಸ್ ಕ್ಲಿಯರೆನ್ಸ್ ಪತ್ರ ಇಟ್ಟುಕೊಳ್ಳಿ. ಪೆರು, ಕೊಲಂಬಿಯಾ, ಬೊಲಿವಿಯಾ ಕಡೆ ಹೋಗಿ ಬರುವವರಿಗೆ ಹಳದಿ ಜ್ವರದ ಲಸಿಕೆಯ ಪತ್ರ ಇಲ್ಲದಿದ್ದರೆ ನಮ್ಮ ದೇಶದೊಳಗೆ ಬರುವಾಗಲೇ ತಡೆಯುತ್ತಾರೆ, ಲಸಿಕೆ ಹಾಕಿಸಿ ಹತ್ತು ದಿನ ಆಗಿರಬೇಕು. ಗ್ವಾಟೆಮಾಲದ ವಿದ್ಯುತ್ 120 ವೋಲ್ಟ್. ಫೋನಿನ ಚಾರ್ಜರ್ ನಡೆಯುತ್ತದೆ. ಇಲ್ಲಿಂದ ಒಯ್ದ ನೀರು ಕಾಯಿಸುವ ಕೆಟಲ್ ಮಾತ್ರ ಅಲ್ಲಿ ಕಾಲು ಭಾಗದಷ್ಟೇ ಶಾಖ ಕೊಡುತ್ತದೆ, ವೋಲ್ಟೇಜ್ ಅರ್ಧವಾದರೆ ಶಕ್ತಿ ನಾಲ್ಕನೇ ಒಂದಾಗುತ್ತದೆ. ಸಮಯದಲ್ಲಿ ನಾವು ಹನ್ನೊಂದೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ ಏಳಕ್ಕೆ ಊಟದ ಮೇಜಿನಿಂದ ಫೋನ್ ಮಾಡಿದರೆ ಇಲ್ಲಿ ಬೆಳಗ್ಗೆ ಆರೂವರೆ, ಅಮ್ಮ ಕಾಫಿಗೆ ನೀರಿಟ್ಟಿರುತ್ತಾಳೆ.

ಎಂಟರಿಂದ ಹನ್ನೆರಡು

ಆಂಟಿಗ್ವಾ ಸುಮಾರು 1,500 ಮೀಟರ್ ಎತ್ತರದ ಊರು, ಸುತ್ತ ಆಗ್ವಾ, ಫುಯೇಗೊ, ಅಕತೆನಾಂಗೊ ಅನ್ನುವ ಮೂರು ಜ್ವಾಲಾಮುಖಿಗಳು. 1773ರ ಭೂಕಂಪದಲ್ಲಿ ಬಿದ್ದ ಚರ್ಚುಗಳ ಗೋಡೆಗಳು ಇನ್ನೂ ಹಾಗೇ ನಿಂತಿವೆ. ಫುಯೇಗೊ ಆಗಾಗ ಬೂದಿ ಉಗುಳುತ್ತದೆ, ಒಣಗಿಸಿದ ಬಟ್ಟೆಯನ್ನು ಕೊಡವಿ ಒಳಗೆ ತರಬೇಕು. ಭಾಷಾ ಶಾಲೆಗಳಲ್ಲಿ ಒಬ್ಬ ಶಿಕ್ಷಕರಿಗೆ ಒಬ್ಬರೇ ವಿದ್ಯಾರ್ಥಿ. ಅಂಗಳದ ಮರದ ಕೆಳಗೆ ಒಂದು ಸಣ್ಣ ಮೇಜು, ಎದುರು ಬದುರು ಎರಡು ಕುರ್ಚಿ. ಬೆಳಗ್ಗೆ ಎಂಟರಿಂದ ಹನ್ನೆರಡು, ಹತ್ತರ ಸುಮಾರಿಗೆ ಅರ್ಧ ಗಂಟೆ ಬಿಡುವು, ವಾರಕ್ಕೆ ಐದು ದಿನ. ಒಬ್ಬರೇ ಆದ್ದರಿಂದ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ, ಮೂರನೇ ಗಂಟೆಗೆ ತಲೆ ಬಿಸಿಯಾಗುತ್ತದೆ. ಆಗ ವ್ಯಾಕರಣ ಮುಚ್ಚಿಟ್ಟು ಸಂತೆಗೆ ಹೋಗೋಣ ಅಂತ ಕೇಳಿದರೆ ಹೆಚ್ಚಿನ ಶಿಕ್ಷಕರು ಸಂತೋಷದಿಂದ ಬರುತ್ತಾರೆ. ಇಂಗ್ಲಿಷ್ ಕಿವಿಗೆ ಕಡಿಮೆ ಬೀಳಬೇಕು ಅನ್ನುವವರಿಗೆ ನಾನು ಕೆತ್ಸಾಲ್ತೆನಾಂಗೊ ಊರನ್ನೇ ಹೇಳುತ್ತೇನೆ. 2,300 ಮೀಟರಿನ ಮೇಲಿದೆ, ಡಿಸೆಂಬರ್ ರಾತ್ರಿಗಳಿಗೆ ನಮ್ಮ ಕಂಬಳಿ ಒಂದು ಸಾಲದು.

ಶಾಲೆಯವರೇ ಗೊತ್ತುಮಾಡುವ ಮನೆಯಲ್ಲಿ ವಾಸ, ಸಾಮಾನ್ಯವಾಗಿ ಭಾನುವಾರ ಬಿಟ್ಟು ದಿನಕ್ಕೆ ಮೂರು ಊಟ. ಕಪ್ಪು ಹುರುಳಿಕಾಯಿ ಕಾಳು, ಅನ್ನ, ಮೊಟ್ಟೆ, ಕರಿದ ಬಾಳೆಹಣ್ಣು, ಜೊತೆಗೆ ಬಟ್ಟೆಯಲ್ಲಿ ಸುತ್ತಿಟ್ಟ ಬಿಸಿ ತೊರ್ತಿಯ, ಅಂದರೆ ಮೆಕ್ಕೆಜೋಳದ ರೊಟ್ಟಿ. ನಮ್ಮ ಸೀಮೆಬದನೆ ಅಲ್ಲಿ 'ಗುಯಿಸ್ಕಿಲ್', ವಾರಕ್ಕೆ ಮೂರು ಸಲ ತಟ್ಟೆಗೆ ಬಂದರೂ ಆಶ್ಚರ್ಯವಿಲ್ಲ, ಅದರ ತವರು ಆ ಕಡೆಯೇ. ಸಸ್ಯಾಹಾರಿಗಳು ಒಂದು ಮಾತು ಸರಿಯಾಗಿ ಕಲಿತು ಹೋಗಬೇಕು. 'ನೊ ಕೋಮೊ ಕಾರ್ನೆ' ಅಂದರೆ ದನದ ಮಾಂಸ ತಿನ್ನುವುದಿಲ್ಲ ಅಂತಷ್ಟೇ ಎಷ್ಟೋ ಮನೆಗಳಲ್ಲಿ ಅರ್ಥವಾಗುತ್ತದೆ, ಮಾರನೇ ದಿನ ಕೋಳಿ ಬರುತ್ತದೆ. 'ನಿ ಪೋಯೊ, ನಿ ಪೆಸ್ಕಾದೊ' ಅಂತ ಕೋಳಿ, ಮೀನು ಎರಡನ್ನೂ ಹೆಸರು ಹಿಡಿದು ಸೇರಿಸಬೇಕು. ಕಾಳು ಒಗ್ಗರಿಸಿದ್ದು ಎಣ್ಣೆಯಲ್ಲೋ ಹಂದಿ ಕೊಬ್ಬಿನಲ್ಲೋ, ಅನ್ನ ಬೇಯಿಸಿದ್ದು ಕೋಳಿ ಸಾರಿನಲ್ಲೋ ಅಂತ ಮೊದಲ ದಿನವೇ ಕೇಳುವುದು ಮರ್ಯಾದೆಗೇಡಲ್ಲ. ಊಟ ಮುಗಿಸಿ ಏಳುವವರು 'ಮೂಚಾಸ್ ಗ್ರಾಸಿಯಾಸ್' ಅನ್ನಬೇಕು, ಕೂತವರು 'ಬುಯೆನ್ ಪ್ರೊಬೇಚೊ' ಅನ್ನುತ್ತಾರೆ. ಹೇಳದೆ ಎದ್ದರೆ ಎಲೆ ಮುಂದಿನಿಂದ ಸರ್ರನೆ ಎದ್ದು ಹೋದಷ್ಟೇ ಕೆಟ್ಟದು.

ತೊರ್ತಿಯದ ಹಿಟ್ಟು ಮಾಡುವುದನ್ನು ನಮ್ಮವರು ನೋಡಲೇಬೇಕು. ಒಂದು ಕಿಲೋ ಒಣ ಮೆಕ್ಕೆಜೋಳಕ್ಕೆ ಮೂರು ಲೀಟರ್ ನೀರು, ಎರಡು ಚಮಚ ಸುಣ್ಣ, ಅಂದರೆ ಹತ್ತು ಗ್ರಾಂ. ಎಲೆಯಡಿಕೆಗೆ ಹಚ್ಚುವ ಸುಣ್ಣವೇ. ಅರ್ಧ ಗಂಟೆ, ನಲವತ್ತು ನಿಮಿಷ ಕುದಿಸಿ, ಇಳಿಸಿ ರಾತ್ರಿಯಿಡೀ ಹಾಗೇ ಬಿಡುತ್ತಾರೆ. ಬೆಳಗ್ಗೆ ಕಾಳನ್ನು ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಜಾರಬೇಕು. ಎರಡು ಮೂರು ನೀರಿನಲ್ಲಿ ತೊಳೆದು ರುಬ್ಬಿದರೆ ಹಿಟ್ಟು ಅಂಟಿಕೊಂಡು ಬರುತ್ತದೆ. ಸುಣ್ಣ ಇಲ್ಲದಿದ್ದರೆ ಹಿಟ್ಟು ಕೂಡುವುದಿಲ್ಲ, ತಟ್ಟುವಾಗ ಅಂಚು ಸೀಳುತ್ತದೆ. ಹೆಚ್ಚಾದರೆ ಹಳದಿಗೆ ತಿರುಗಿ ಸೋಪಿನ ರುಚಿ ಬರುತ್ತದೆ. ಜೋಳದೊಳಗಿನ ನಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುವುದೂ ಈ ಸುಣ್ಣದಿಂದಲೇ. ಇನ್ನೊಂದು ವಿಷಯ, ಏಲಕ್ಕಿಯದು. ನಮ್ಮ ಘಟ್ಟದ ಗಿಡ ಕಳೆದ ಶತಮಾನದಲ್ಲಿ ಆ ದೇಶಕ್ಕೆ ಹೋಗಿ, ಇವತ್ತು ಜಗತ್ತಿಗೆ ಅತಿ ಹೆಚ್ಚು ಏಲಕ್ಕಿ ಕಳಿಸುವ ದೇಶಗಳ ಸಾಲಿನಲ್ಲಿ ಗ್ವಾಟೆಮಾಲ ಮುಂದಿದೆ. ಆದರೆ ಅಲ್ಲಿಯ ಅಡುಗೆಮನೆಗಳಲ್ಲಿ ಅದು ಕಾಣುವುದೇ ಅಪರೂಪ. ಪಾಯಸ ಮಾಡಿ ಕೊಟ್ಟರೆ ಇದೇನು ಪರಿಮಳ ಅಂತ ಕೇಳುತ್ತಾರೆ.

ಮಧ್ಯಾಹ್ನದ ಕೆಲಸ

ಸ್ವಯಂಸೇವೆ ಅಂದ ಕೂಡಲೇ ಎಲ್ಲರೂ ಮಕ್ಕಳಿಗೆ ಪಾಠ ಹೇಳುವುದನ್ನೇ ಕೇಳುತ್ತಾರೆ. ಭಾಷೆ ಬಾರದವರು ಮಕ್ಕಳ ಮುಂದೆ ನಿಂತರೆ ಮಕ್ಕಳ ಸಮಯವೇ ಹಾಳು. ಎರಡು ವಾರ ಪ್ರೀತಿ ತೋರಿಸಿ ಮಾಯವಾಗುವವರು ಆ ಮಕ್ಕಳಿಗೆ ಒಳ್ಳೆಯದನ್ನೂ ಮಾಡುವುದಿಲ್ಲ. ಅನಾಥಾಲಯಗಳ ಸಣ್ಣ ಅವಧಿಯ ಕೆಲಸವನ್ನಂತೂ ಒಪ್ಪಲೇಬಾರದು. ಅಲ್ಲಿಯ ಶಾಲಾವರ್ಷ ಜನವರಿಯಿಂದ ಅಕ್ಟೋಬರ್, ನವೆಂಬರ್‌ನಲ್ಲಿ ಹೋದವರಿಗೆ ಹೋಮ್‌ವರ್ಕ್ ಕೆಲಸ ಇರುವುದೂ ಇಲ್ಲ. ಮೊದಲ ನಾಲ್ಕು ವಾರ ಕೈಕೆಲಸ: ಸಸಿ ತೋಟ, ಇಲ್ಲವೇ ಒಲೆ ಕಟ್ಟುವುದು. ಮಕ್ಕಳ ಕೆಲಸ ಆಮೇಲೆ, ಅದೂ ಎರಡು ತಿಂಗಳು ಇರುವವರಿಗೆ.

ಒಲೆಯ ಕೆಲಸ ಮಲೆನಾಡಿನವರಿಗೆ ಹೇಳಿ ಮಾಡಿಸಿದ್ದು. 1976ರ ಫೆಬ್ರವರಿ 4ರ ಭೂಕಂಪದ ನಂತರ ಗ್ವಾಟೆಮಾಲದಲ್ಲಿ 'ಲೊರೇನ' ಅನ್ನುವ ಒಲೆ ಬಂತು. ಲೋದೊ ಅಂದರೆ ಕೆಸರು, ಅರೇನ ಅಂದರೆ ಮರಳು, ಎರಡೂ ಸೇರಿ ಲೊರೇನ. ನಮ್ಮಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆ ಬಂದದ್ದು ಅದಾದ ಮೇಲಿನ ವರ್ಷಗಳಲ್ಲಿ. ಈಗ ಅಲ್ಲಿ ಹೆಚ್ಚು ಕಟ್ಟುವುದು 'ಪ್ಲಾಂಚ', ಮೇಲೆ ದಪ್ಪ ಉಕ್ಕಿನ ತಗಡು, ಹಿಂದೆ ಹೊಗೆ ಕೊಳವೆ. ಸ್ಯಾನ್ ಮಾರ್ಕೋಸ್ ಗುಡ್ಡಗಳ 534 ಮನೆಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ, ಇಂಥ ಒಲೆ ಸಿಕ್ಕ ಮನೆಯ ಮಕ್ಕಳಿಗೆ ತಾಗುವ ಹೊಗೆ ಸುಮಾರು ಅರ್ಧಕ್ಕೆ ಇಳಿದಿತ್ತು.

ಒಂದು ಒಲೆಗೆ ಒಬ್ಬ ಗಾರೆಯವರು, ಇಬ್ಬರು ಸ್ವಯಂಸೇವಕರು, ಎರಡು ದಿನ. ಮೊದಲು ಮನೆಯಾಕೆಯನ್ನು ನಿಲ್ಲಿಸಿ ಮೊಣಕೈ ಮಡಚಲು ಹೇಳುತ್ತಾರೆ. ತಗಡು ಮೊಣಕೈಗಿಂತ ಒಂದು ಹಿಡಿ ಕೆಳಗೆ ಬರಬೇಕು, ಇಲ್ಲದಿದ್ದರೆ ಸೊಂಟ ಹೋಗುತ್ತದೆ. ಬುಡಕ್ಕೆ ಸಿಮೆಂಟ್ ಬ್ಲಾಕ್, ಒಂದಕ್ಕೆ ನಾಲ್ಕು ಮರಳಿನ ಗಾರೆ. ಬೆಂಕಿ ಗೂಡಿಗೆ ಸಿಮೆಂಟ್ ಬೇಡ, ಶಾಖಕ್ಕೆ ಉದುರಿಹೋಗುತ್ತದೆ, ಅಲ್ಲಿ ಜೇಡಿಮಣ್ಣು ಮರಳಿನ ಕೆಸರೇ ಸರಿ. ಇಟ್ಟಿಗೆಯನ್ನು ಹದಿನೈದು ನಿಮಿಷ ನೀರಲ್ಲಿ ಮುಳುಗಿಸಿಡಬೇಕು, ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿ ಸಂದು ಬಿಡುತ್ತದೆ. ಗೂಡಿನ ಬಾಯಿ ಒಂದು ಗೇಣಿಗಿಂತ ದೊಡ್ಡದಾಗಬಾರದು. ತಗಡನ್ನು ಇಟ್ಟಿಗೆಗೆ ಒತ್ತಿ ಕೂರಿಸುವುದು ಹೊಸಬರು ಮಾಡುವ ದೊಡ್ಡ ತಪ್ಪು. ಕಾದಾಗ ಉಕ್ಕು ಹಿಗ್ಗಿ ಗೋಡೆಯನ್ನೇ ತಳ್ಳುತ್ತದೆ, ನಾಲ್ಕೂ ಕಡೆ ಮೂರರಿಂದ ಐದು ಮಿಲಿಮೀಟರ್ ಬಿಡಬೇಕು. ನಾಲ್ಕಿಂಚಿನ ಕೊಳವೆ ಮಾಡಿನ ನೆತ್ತಿಗಿಂತ ಎರಡಡಿ ಮೇಲೆ ಹೋಗಬೇಕು, ಕೆಳಗೇ ನಿಂತರೆ ಗಾಳಿ ಹೊಗೆಯನ್ನು ಒಳಗೇ ತಳ್ಳುತ್ತದೆ. ಕಟ್ಟಿದ ಮೊದಲ ವಾರ ದಿನಕ್ಕೆ ಕಾಲು ಗಂಟೆ ಚಿಕ್ಕ ಕಡ್ಡಿಯ ಬೆಂಕಿ ಮಾತ್ರ. ಆಮೇಲೆ ತಿಂಗಳಿಗೊಮ್ಮೆ ಕೊಳವೆ ಬಿಚ್ಚಿ ಮಸಿ ತೆಗೆಯಬೇಕು. ಇದನ್ನು ಯಾರೂ ಹೇಳಿಕೊಡದ ಮನೆಗಳಲ್ಲಿ ಆರು ತಿಂಗಳಲ್ಲಿ ಹೊಗೆ ಬಾಯಿಂದಲೇ ಬರುತ್ತದೆ.

ಆದರೂ ಅಂಗಳದಲ್ಲಿ ಮೂರು ಕಲ್ಲಿನ ಹಳೇ ಒಲೆ ಉಳಿದೇ ಇರುತ್ತದೆ. ಸುಣ್ಣದ ಜೋಳ ಬೇಯಿಸುವ ದೊಡ್ಡ ಪಾತ್ರೆ ಪ್ಲಾಂಚದ ಮೇಲೆ ಕೂರುವುದಿಲ್ಲ. ಒಳಗೆ ಅಸ್ತ್ರ ಒಲೆ ಇದ್ದರೂ ಬಚ್ಚಲ ಹಂಡೆಗೆ, ದನದ ಬಾಯರಿಗೆ ಹಳೇ ಒಲೆ ಬಿಡದ ನಮ್ಮ ಮನೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಂಕಿಯ ಮೇಲೆ ತೂಗುಹಾಕಿದ ಜೋಳದ ತೆನೆಗೆ ಹೊಗೆ ತಪ್ಪಿದರೆ ಹುಳ ಬೀಳುತ್ತದೆ. ಅಟ್ಟದ ಮೇಲೆ ಹೊಗೆ ತಾಗಿಸಿ ಕಾಪಿಡುವ ನಮಗೆ ಅದೂ ಗೊತ್ತು. 'ಒಲೆ ಕೊಟ್ಟರೂ ಬಳಸುವುದಿಲ್ಲ' ಅಂತ ಬೇರೆ ದೇಶದ ಸ್ವಯಂಸೇವಕರು ಬೇಸರಪಡುವಾಗ, ತೆನೆ ಎಲ್ಲಿ ಕಟ್ಟುತ್ತೀರಿ ಅಂತ ಕೇಳಬೇಕು ಅನ್ನುವುದು ಮಲೆನಾಡಿನ ಹುಡುಗಿಗೇ ಮೊದಲು ಹೊಳೆಯುತ್ತದೆ.

ಅಲ್ಲಿ ಗಾರೆಯವರನ್ನು ಕರೆಯುವುದು 'ಮಯೆಸ್ತ್ರೊ' ಅಂತ. ಪೋರ್ಚುಗೀಸರ 'ಮೆಸ್ತ್ರೆ'ಯಿಂದ ಬಂದ ನಮ್ಮ ಮೇಸ್ತ್ರಿಯ ಅಣ್ಣ. ಆಂಟಿಗ್ವಾ ಸುತ್ತಿನ ಹಳ್ಳಿಮನೆಗಳ ಎಷ್ಟೋ ಅಜ್ಜಿಯರಿಗೆ ಸ್ಪ್ಯಾನಿಷ್ ಕೂಡ ಎರಡನೇ ಭಾಷೆ. ಮನೆಮಾತು ಕಕ್ಚಿಕೆಲ್, ಆ ದೇಶದ 22 ಮಾಯಾ ಭಾಷೆಗಳಲ್ಲಿ ಒಂದು. ಅಜ್ಜಿ ನಿಧಾನವಾಗಿ, ಚಿಕ್ಕ ಚಿಕ್ಕ ವಾಕ್ಯದಲ್ಲಿ ಮಾತಾಡುತ್ತಾಳೆ, ಕಲಿಯುವವರಿಗೆ ಅವಳಿಗಿಂತ ಒಳ್ಳೆಯ ಜೊತೆ ಇಲ್ಲ. ಕೆಲಸ ಮುಗಿದು ಹೊರಡುವಾಗ ಸ್ಪ್ಯಾನಿಷ್‌ನಲ್ಲಿ ಕೃತಜ್ಞತೆ ಹೇಳಿ, ಜೊತೆಗೆ 'ಮತ್ಯೋಶ್' ಅಂದರೆ ಅವಳ ಮುಖ ಅರಳುತ್ತದೆ. ಅದು ಅವಳ ಭಾಷೆಯ ಧನ್ಯವಾದ.

ಆ ನೋಟ್‌ಬುಕ್ಕಿನ ಕೊನೆಯ ಹನ್ನೆರಡು ಪುಟ ಒಲೆಯ ವಾರಗಳದ್ದು. ಹಾಳೆಯ ಮೇಲೆ ಮಣ್ಣಿನ ಬೆರಳ ಗುರುತು. ನಡುವೆ ಅದೇ ಗೆರೆ, ಎಡಗಡೆ ಅದೇ ಸ್ಪ್ಯಾನಿಷ್. 'ಲೆಞ' ಅನ್ನುವುದರ ಎದುರು ಬಲಗಡೆ ಒಂದು ಇಂಗ್ಲಿಷ್ ಶಬ್ದ ಬರೆದು ಹೊಡೆದುಹಾಕಿದ್ದಾಳೆ, ಪಕ್ಕದಲ್ಲಿ 'ಸೌದೆ'. ಅದರ ಕೆಳಗೆ ಹೊಡೆದುಹಾಕಿದ್ದೂ ಇಲ್ಲ: 'ಬ್ರಾಸ' ಎದುರು 'ಕೆಂಡ', 'ಸೆನೀಸ' ಎದುರು 'ಬೂದಿ', 'ಕುಚಾರ' ಎದುರು 'ಚಮಚ' ಅಂತ ಬರೆದು ಅದರ ಮುಂದೆ 'ಕರಣೆ ಕೂಡ'. 'ಓಯೀನ್' ಎದುರು 'ಇಲ್ಲಣ'.